ಫೋಟೊ ತೆಗೆದವರ ಕಾಲು ಎಲ್ಲಿತ್ತು?

ಬೆಂಗಳೂರಿನ ಕೆ.ಆರ್. ಮಾರ್ಕೆಟ್ಟಿನ ಮಹಡಿಯ ರೇಲಿಂಗ್‌ಗೆ ಒರಗಿ, ಕೆಳಗೆ ಹೂವಿನ ರಾಶಿ ಹಾಕಿಕೊಂಡು ಕೂತವರನ್ನು ತೆಗೆದ ಫೋಟೊ ನೀವು ಎಷ್ಟೋ ಸಲ ನೋಡಿರುತ್ತೀರಿ. ಚೆಂಡುಹೂವಿನ ಹಳದಿ ಗುಡ್ಡೆ, ಪಕ್ಕದಲ್ಲಿ ಬಿಳಿ ಸೇವಂತಿಗೆ, ನಡುವೆ ತಲೆ ಮೇಲೆ ಮೂಟೆ ಹೊತ್ತ ಹಮಾಲಿ. ಅದನ್ನು ಫೋಟೊಗ್ರಫಿ ಗುಂಪಿಗೆ ಹಾಕಿದ ಕೂಡಲೇ ಬರುವ ಮಾತುಗಳೂ ಗೊತ್ತಿರುವವೇ. "ಸೂಪರ್ ಸರ್." "ಬಣ್ಣ ಅದ್ಭುತ." ಸ್ವಲ್ಪ ಓದಿಕೊಂಡವರಿದ್ದರೆ, "ಹಮಾಲಿ ರೂಲ್ ಆಫ್ ಥರ್ಡ್ಸ್ ಗೆರೆಯ ಮೇಲೆ ಬರಬೇಕಿತ್ತು" ಎನ್ನುತ್ತಾರೆ, ಅಂದರೆ ಚಿತ್ರವನ್ನು ಅಡ್ಡಕ್ಕೂ ಉದ್ದಕ್ಕೂ ಮೂರು ಸಮಪಾಲು ಮಾಡುವ ಗೆರೆಯ ಮೇಲೆ. ತೆಗೆದವರು ನಾಳೆ ಬೆಳಿಗ್ಗೆ ಮತ್ತೆ ಮಾರ್ಕೆಟ್ಟಿಗೆ ಹೋದಾಗ ಈ ಮೂರರಲ್ಲಿ ಒಂದೂ ಉಪಯೋಗಕ್ಕೆ ಬರುವುದಿಲ್ಲ. ಬಣ್ಣ ಹೂವಿನದು, ಹಾಗೆಯೇ ಹೂ ಮಾರುವ ಅಜ್ಜಿಯ ಸುಕ್ಕು ಅಜ್ಜಿಯದು. ಫೋಟೊಗ್ರಾಫರ್‌ದು ಎನ್ನಬಹುದಾದದ್ದು ನಾಲ್ಕೇ: ಎಲ್ಲಿ ನಿಂತರು, ಯಾವಾಗ ಒತ್ತಿದರು, ಅಂಚಿನಲ್ಲಿ ಏನನ್ನು ಉಳಿಸಿಕೊಂಡರು, ತೆಗೆದ ಹತ್ತರಲ್ಲಿ ಇದನ್ನೇ ಏಕೆ ಆರಿಸಿದರು. ವಿಮರ್ಶೆ ಈ ನಾಲ್ಕರ ಬಗ್ಗೆ ಇರಬೇಕು. ಅದರಲ್ಲೂ ಮೊದಲನೆಯದರ ಬಗ್ಗೆ.

ಬೀದಿಯ ಚಿತ್ರಗಳಲ್ಲಿ ಅತಿ ಹೆಚ್ಚು ಕಾಣುವ ದೋಷ ಅಂಟಿಕೊಳ್ಳುವುದು. ಒಬ್ಬರ ತಲೆ ಹಿಂದಿನ ಕರೆಂಟು ಕಂಬಕ್ಕೆ, ಕಪ್ಪು ಕೂದಲು ಕಪ್ಪು ಶಟರಿಗೆ, ಒಬ್ಬರ ಮೂಗು ಪಕ್ಕದವರ ಭುಜಕ್ಕೆ ಅಂಟಿಕೊಂಡಿರುತ್ತದೆ. ಎರಡು ಕಣ್ಣಿರುವುದರಿಂದ ನಮಗೆ ಆಳ ಸಿಗುತ್ತದೆ, ಕ್ಯಾಮೆರಾಗೆ ಸಿಗುವುದಿಲ್ಲ; ಹಾಗಾಗಿ ಸ್ಥಳದಲ್ಲಿ ಬೇರೆಬೇರೆಯಾಗಿ ಕಂಡದ್ದು ಫೋಟೊದಲ್ಲಿ ಒಂದೇ ಗಂಟಾಗುತ್ತದೆ. "ಹಿನ್ನೆಲೆ ಗಲೀಜು" ಎಂದು ಬರೆದು ಬಿಟ್ಟರೆ ಸಾಲದು, ಯಾವ ಕಡೆ ಸರಿಯಬೇಕಿತ್ತು ಎಂದು ಹೇಳಿ. ಸೂತ್ರ ಸುಲಭ: ನೀವು ಯಾವ ಕಡೆ ಸರಿಯುತ್ತೀರೋ, ಮುಂದಿರುವವರಿಗೆ ಹೋಲಿಸಿದರೆ ಹಿನ್ನೆಲೆಯೂ ಆ ಕಡೆಗೇ ಸರಿಯುತ್ತದೆ. ಅರ್ಧ ಹೆಜ್ಜೆ ಎಡಕ್ಕೆ ಹೋದರೆ ಕಂಬ ತಲೆಯ ಎಡಕ್ಕೆ ಬಿಟ್ಟುಕೊಳ್ಳುತ್ತದೆ. ಮಂಡಿಯೂರಿದರೆ ಹಿನ್ನೆಲೆ ಕೆಳಗಿಳಿದು ತಲೆ ಆಕಾಶಕ್ಕೋ ಮೇಲಿನ ಬರಿಗೋಡೆಗೋ ಹೋಗಿ ನಿಲ್ಲುತ್ತದೆ. ಕೈ ಎತ್ತಿ ಮೇಲಿನಿಂದ ತೆಗೆದರೆ ಹಿನ್ನೆಲೆಯೂ ಏರುತ್ತಾ ಹೋಗಿ, ಕೊನೆಗೆ ನೆಲವೇ ಹಿನ್ನೆಲೆಯಾಗುತ್ತದೆ.

ಮಹಡಿಯ ಫೋಟೊ ಎಲ್ಲರಿಗೂ ಚೆನ್ನಾಗಿ ಬರುವುದರ ಗುಟ್ಟು ಇದೇ. ಅಲ್ಲಿಂದ ನೋಡಿದರೆ ಹಿನ್ನೆಲೆ ಎಂದರೆ ನೆಲ ಮತ್ತು ಹೂವು, ಯಾರೂ ಯಾರಿಗೂ ಅಂಟುವುದಿಲ್ಲ. ಬದಲಿಗೆ ಮುಖಗಳು ಹೋಗುತ್ತವೆ, ಮನುಷ್ಯರು ರಂಗೋಲಿಯ ಚುಕ್ಕಿಗಳಾಗುತ್ತಾರೆ. ಅದೇನೂ ತಪ್ಪಲ್ಲ. ಆದರೆ ಅಲ್ಲಿಂದ ತೆಗೆದದ್ದನ್ನು ಹಂಚುವವರು, ಅದೇ ರೇಲಿಂಗ್‌ಗೆ ಒರಗಿದ ಇತರರಿಗಿಂತ ತಮ್ಮದರಲ್ಲಿ ಏನು ಹೆಚ್ಚಿಗಿದೆ ಎಂಬುದಕ್ಕೆ ಉತ್ತರ ಇಟ್ಟುಕೊಂಡಿರಬೇಕು. ಒಬ್ಬರಾದರೂ ತಲೆಯೆತ್ತಿ ನೋಡಿದರೇ? ಮಾರು ಹಾಕುತ್ತಿದ್ದ ಎರಡು ತೋಳು ಪೂರ್ತಿ ಚಾಚಿದ ಗಳಿಗೆ ಸಿಕ್ಕಿತೇ?

ವಿಮರ್ಶೆ ಕೇಳುವವರ ಕೆಲಸವೂ ಇದೆ. ಒಂದೇ ಫೋಟೊ ಹಾಕಿ "ಅಭಿಪ್ರಾಯ ತಿಳಿಸಿ" ಎಂದರೆ ಅಭಿಪ್ರಾಯ ಮಾತ್ರ ಸಿಗುತ್ತದೆ. ಆರಿಸಿದ ಫ್ರೇಮಿನ ಜೊತೆ ಅದರ ಹಿಂದಿನ ಎರಡು, ಮುಂದಿನ ಎರಡು ಫ್ರೇಮುಗಳನ್ನು ಸಣ್ಣದಾಗಿ ಜೋಡಿಸಿ ಕೊಡಿ. ಕಾಲು ಅಲುಗಿತೇ, ಕಾದರೇ, ಸಿಕ್ಕಿದ್ದು ಬರೀ ಅದೃಷ್ಟವೇ, ಎಲ್ಲ ಅದರಲ್ಲಿ ಗೊತ್ತಾಗಿಬಿಡುತ್ತದೆ. ಆರಿಸದ ಫ್ರೇಮೇ ಉತ್ತಮ ಎಂದು ಬೇರೆಯವರು ಬೆರಳಿಟ್ಟು ತೋರಿಸುವುದು ಮಾಮೂಲಿ. ಜೊತೆಗೆ ಲೆನ್ಸ್, ಅಪರ್ಚರ್ (ಬೆಳಕು ಬರುವ ಕಿಂಡಿಯ ಅಗಲ), ಶಟರ್ (ಅದು ತೆರೆದಿರುವ ಹೊತ್ತು), ಬೆಳಕಿಗೆ ಸೆನ್ಸರ್ ಸ್ಪಂದಿಸುವ ಅಳತೆಯಾದ ಐಎಸ್‌ಒ, ಕ್ರಾಪ್ ಮಾಡಿದ್ದರೆ (ಅಂಚು ಕತ್ತರಿಸಿದ್ದರೆ) ಎಷ್ಟು ಎಂಬುದು, ಮತ್ತು ಒಂದು ಪ್ರಶ್ನೆ. ಪ್ರಶ್ನೆ "ಹೇಗಿದೆ?" ಎಂದಿರಬಾರದು. "ಎಡಗಡೆಯ ಅರ್ಧ ಕತ್ತರಿಸಿದ ಮನುಷ್ಯ ಇರಬೇಕೋ ಬೇಡವೋ?" ಎಂಬಂತಿರಲಿ.

ತೆಗೆದ ದಿನವೇ ಹಂಚಬೇಡಿ. ಅಂದಿನ ಬಿಸಿಲು, ಭಯ, ಆ ಹೂವಮ್ಮ ನಕ್ಕ ನಗು ಎಲ್ಲ ನಿಮ್ಮ ತಲೆಯಲ್ಲಿರುತ್ತವೆ, ಫೋಟೊದಲ್ಲಿ ಇರಬೇಕೆಂದೇನೂ ಇಲ್ಲ. ನ್ಯೂಯಾರ್ಕಿನ ಬೀದಿಗಳನ್ನು ತೆಗೆದ ಗ್ಯಾರಿ ವಿನೋಗ್ರಾಂಡ್ ಫಿಲ್ಮ್ ರೋಲುಗಳನ್ನು ಎಷ್ಟೋ ತಿಂಗಳು ತೊಳೆಯದೆ ಬಿಡುತ್ತಿದ್ದರು, ತೆಗೆಯುವಾಗಿನ ಹುಮ್ಮಸ್ಸು ಆಯ್ಕೆಗೆ ಅಡ್ಡ ಬರಬಾರದೆಂದು. 1984ರಲ್ಲಿ ಅವರು ತೀರಿಕೊಂಡಾಗ ಸುಮಾರು 2,500 ರೋಲುಗಳು ಡೆವಲಪ್ ಆಗದೆ ಉಳಿದಿದ್ದವು. ಅಷ್ಟು ದೂರ ಹೋಗುವುದೇನೂ ಬೇಡ, ಹದಿನೈದು ದಿನ ಸಾಕು.

ಇನ್ನು ನೋಡುವ ಕ್ರಮ. ಮೊದಲು ಅರ್ಧ ನಿಮಿಷ ಸುಮ್ಮನೆ ನೋಡಿ. ಕಣ್ಣು ಮೊದಲು ಎಲ್ಲಿಗೆ ಹೋಯಿತು, ಎಲ್ಲಿ ಸಿಕ್ಕಿಕೊಂಡಿತು ಎಂಬುದು ನೆನಪಿರಲಿ. ಆಮೇಲೆ ನಾಲ್ಕೂ ಅಂಚು ಸುತ್ತಿ ಬನ್ನಿ. ಅಂಚಿನಲ್ಲಿ ಬಿಳಿ ಪ್ಲಾಸ್ಟಿಕ್ ಕವರು, ಮುಂಗೈ ಹತ್ತಿರ ತುಂಡಾದ ಕೈ, ಯಾರದೋ ಒಂದೇ ಚಪ್ಪಲಿ ಇದ್ದರೆ ಕಣ್ಣು ಹೊರಗೆ ಸೋರಿಹೋಗುತ್ತದೆ. ಬಳಿಕ ಕೈಕಾಲುಗಳು: ನಡೆಯುವವರ ಎರಡು ಕಾಲೂ ಬೇರೆಯಾಗಿ ಕಾಣುತ್ತವೆಯೇ, ಒಂದರ ಹಿಂದೊಂದು ಅಡಗಿ ಒಂಟಿಕಾಲಾಗಿದೆಯೇ? ಮುಖಭಾವ ಕೊನೆಗೆ. ಮುಖದಿಂದಲೇ ಶುರು ಮಾಡಿದರೆ ಉಳಿದದ್ದೆಲ್ಲ ಕ್ಷಮಿಸಿಬಿಡುತ್ತೇವೆ.

ಮಸುಕಾದ ಫೋಟೊ ಕಂಡರೆ "ಶಾರ್ಪ್ ಇಲ್ಲ" ಎಂದು ಬಿಡುವವರೇ ಹೆಚ್ಚು. ಮಸುಕಿನಲ್ಲಿ ಮೂರು ಬಗೆ. ಕಂಬ, ಗೋಡೆ, ಬೋರ್ಡು ಸೇರಿ ಎಲ್ಲವೂ ಒಂದೇ ದಿಕ್ಕಿಗೆ ಜೋಡಿಗೆರೆಯಾಗಿದ್ದರೆ ಕ್ಯಾಮೆರಾ ಅಲುಗಿದೆ. ಗೋಡೆ ಸ್ಪಷ್ಟವಿದ್ದು ನಡೆಯುವವರು ಮಾತ್ರ ಎಳೆದುಕೊಂಡಂತಿದ್ದರೆ ಶಟರ್ ನಿಧಾನವಾಗಿದೆ. ನಡಿಗೆಗೆ 1/250 ಸೆಕೆಂಡು, ಓಟಕ್ಕೆ, ಮೂಟೆ ಎಸೆಯುವ ಕೈಗೆ 1/500 ಬೇಕು. ಗಿರಾಕಿ ಮಸುಕಾಗಿದ್ದು ಹಿಂದಿನ ಬೋರ್ಡಿನ ಅಕ್ಷರ ಚೊಕ್ಕವಾಗಿದ್ದರೆ ಫೋಕಸ್ ತಪ್ಪಿದೆ. ಈ ಮೂರನೆಯದಕ್ಕೆ ಮದ್ದು ಝೋನ್ ಫೋಕಸ್, ಅಂದರೆ ಒಂದು ದೂರಕ್ಕೆ ಮೊದಲೇ ಫೋಕಸ್ ಕಟ್ಟಿಟ್ಟುಕೊಳ್ಳುವುದು: ಫುಲ್ ಫ್ರೇಮ್ (ಸೆನ್ಸರ್ 35 ಎಂಎಂ ಫಿಲ್ಮಿನಷ್ಟೇ ದೊಡ್ಡದಿರುವ) ಕ್ಯಾಮೆರಾದಲ್ಲಿ 28 ಎಂಎಂ ಲೆನ್ಸನ್ನು ಎಫ್/8ಕ್ಕೆ ಇಟ್ಟು 2.5 ಮೀಟರಿಗೆ ಮ್ಯಾನ್ಯುಯಲ್ ಫೋಕಸ್ ಮಾಡಿದರೆ ಸುಮಾರು 1.4ರಿಂದ 10 ಮೀಟರಿನವರೆಗೆ ಒಪ್ಪುವಷ್ಟು ಸ್ಪಷ್ಟ. 35 ಎಂಎಂ ಆದರೆ ಅದೇ ಲೆಕ್ಕ 1.7ರಿಂದ 4.9 ಮೀಟರಿಗೆ ಕುಗ್ಗುತ್ತದೆ. ಬಿಸಿಲಲ್ಲಿ ಇದು ನಡೆಯುತ್ತದೆ. ಬೆಳಗಿನ ಜಾವ ಐದೂವರೆಗೆ ಎಫ್/8 ಕನಸಿನ ಮಾತು. ಆಗ ಕಿಂಡಿ ಅಗಲಿಸಿ ಎಫ್/2.8ಕ್ಕೆ ಇಳಿದು, ಆಟೊ ಐಎಸ್‌ಒ ಮಿತಿಯನ್ನು 6400ಕ್ಕೆ, ಕನಿಷ್ಠ ಶಟರನ್ನು 1/250ಕ್ಕೆ ಕಟ್ಟಿಹಾಕಿ ಆಟೊಫೋಕಸ್ ನಂಬಬೇಕು. ಕಾಳು ಕಾಳಾಗಿ ಕಾಣುವ ಗ್ರೇನನ್ನು ಕಣ್ಣು ಒಪ್ಪಿಕೊಳ್ಳುತ್ತದೆ, ಎಳೆದುಹೋದ ಮುಖವನ್ನು ಒಪ್ಪುವುದಿಲ್ಲ.

ಈಚೆಗೆ ಇನ್ನೊಂದು ತೊಂದರೆ ಹೆಚ್ಚಾಗಿದೆ: ಚಿತ್ರದಡ್ಡ ಕಪ್ಪು-ಬೆಳಕಿನ ಪಟ್ಟೆಗಳು. ಸದ್ದಾಗದಿರಲಿ ಎಂದು ಸೈಲೆಂಟ್ ಮೋಡಿಗೆ ಹಾಕಿದಾಗ ಎಲೆಕ್ಟ್ರಾನಿಕ್ ಶಟರ್ ಕೆಲಸ ಮಾಡುತ್ತದೆ, ಅದು ಸೆನ್ಸರನ್ನು ಸಾಲು ಸಾಲಾಗಿ ಓದುತ್ತದೆ. ನಮ್ಮ ಕರೆಂಟು 50 ಹರ್ಟ್ಸ್, ಅಗ್ಗದ ಎಲ್‌ಇಡಿ ಬಲ್ಬು ಸೆಕೆಂಡಿಗೆ 100 ಸಲ ಮಿನುಗುತ್ತದೆ; ಕೆಲವು ಸಾಲು ಬೆಳಕಿಗೆ, ಕೆಲವು ಕತ್ತಲಿಗೆ ಸಿಗುತ್ತವೆ. ಎಡಿಟಿಂಗಿನಲ್ಲಿ ಇದನ್ನು ತೆಗೆಯುವುದು ಹೆಣಗಾಟ. ಅಂಗಡಿ ಬಲ್ಬುಗಳ ಕೆಳಗೆ ಮೆಕ್ಯಾನಿಕಲ್ ಶಟರ್ ಹಾಕಿಕೊಳ್ಳಿ. ಮಾರ್ಕೆಟ್ಟಿನ ಗದ್ದಲದಲ್ಲಿ ಅದರ ಸದ್ದು ಯಾರಿಗೂ ಕೇಳಿಸುವುದಿಲ್ಲ.

ಕ್ರಾಪ್ ಮಾಡುವುದು ಪಾಪವೆಂಬಂತೆ ಮಾತಾಡುವವರಿದ್ದಾರೆ. ಫ್ರಾನ್ಸಿನ ಹೆಸರಾಂತ ಫೋಟೊಗ್ರಾಫರ್ ಹೆನ್ರಿ ಕಾರ್ಟಿಯರ್-ಬ್ರೆಸ್ಸನ್ 1932ರಲ್ಲಿ ಪ್ಯಾರಿಸ್ಸಿನ ಸ್ಯಾಂ-ಲಜಾರ್ ನಿಲ್ದಾಣದ ಹಿಂದೆ ನೀರು ದಾಟಿ ಜಿಗಿಯುವವನನ್ನು ತೆಗೆದದ್ದು ಬೇಲಿಯ ಸಂದಿಯಿಂದ. ಹಲಗೆ ಅಡ್ಡ ಬಂದಿದ್ದ ಭಾಗವನ್ನು ಕತ್ತರಿಸಿಯೇ ಅದು ಜಗತ್ತಿಗೆ ಗೊತ್ತಾದದ್ದು. ಕ್ರಾಪ್ ಬೇಡ ಎಂದು ಹಟ ಹಿಡಿದಿದ್ದವರ ಕಥೆಯೇ ಇದು. ಆದರೆ ಅರ್ಧಕ್ಕಿಂತ ಹೆಚ್ಚು ಕತ್ತರಿಸಬೇಕಾಗಿ ಬಂದರೆ ಕಾಲು ದೂರವಿತ್ತು ಎಂದೇ ಲೆಕ್ಕ.

ಕಪ್ಪುಬಿಳುಪಿಗೆ ತಿರುಗಿಸುವ ಸಲಹೆಯನ್ನೂ ಯೋಚಿಸಿ ಕೊಡಿ. ಕೆಂಪು ಗುಲಾಬಿಯೂ ಹಸಿರು ಎಲೆಯೂ ಕಪ್ಪುಬಿಳುಪಿನಲ್ಲಿ ಹೆಚ್ಚುಕಡಿಮೆ ಒಂದೇ ಬೂದಿಯಾಗುತ್ತವೆ. ಚೆಂಡುಹೂವು ಬೆಳಗಲೆಂದು ಎಡಿಟಿಂಗಿನಲ್ಲಿ ಕಿತ್ತಳೆ ಬಣ್ಣದ ಸ್ಲೈಡರ್ ಎಳೆದರೆ ಮಾರುವವರ ಮುಖವೂ ಸುಣ್ಣ ಬಳಿದಂತೆ ಬೆಳ್ಳಗಾಗುತ್ತದೆ, ಏಕೆಂದರೆ ನಮ್ಮ ಮೈಬಣ್ಣ ಆ ಸ್ಲೈಡರಿನೊಳಗೇ ಬರುತ್ತದೆ.

ಎಷ್ಟು ಚೆನ್ನಾಗಿದ್ದರೂ ಹಂಚಬಾರದ ಫೋಟೊಗಳಿವೆ, ವಿಮರ್ಶಕರು ಇದನ್ನು ಕೊನೆಯ ಸಾಲಿಗೆ ತಳ್ಳಬಾರದು. ಸಾರ್ವಜನಿಕ ಜಾಗದಲ್ಲಿ ಫೋಟೊ ತೆಗೆಯುವುದನ್ನೇ ಒಟ್ಟಾರೆ ನಿಷೇಧಿಸುವ ಕಾನೂನು ಭಾರತದಲ್ಲಿಲ್ಲ. ಅಷ್ಟರಿಂದ ಎಲ್ಲವೂ ಸರಿ ಎಂದಾಗುವುದಿಲ್ಲ. ಭಿಕ್ಷೆ ಬೇಡುವ, ಬೀದಿಯಲ್ಲಿ ಬದುಕುವ ಮಕ್ಕಳನ್ನು 2015ರ ಬಾಲನ್ಯಾಯ ಕಾಯ್ದೆ ಪಾಲನೆ-ಪೋಷಣೆ ಬೇಕಾದ ಮಕ್ಕಳೆಂದು ಗುರುತಿಸುತ್ತದೆ. ವಿಚಾರಣೆಯ ವರದಿಗಳಲ್ಲಿ ಇಂಥವರ ಹೆಸರು, ಚಿತ್ರ ಬಯಲಾಗಬಾರದು ಎನ್ನುತ್ತದೆ ಅದರ 74ನೇ ಕಲಂ. ವಿಚಾರಣೆಯ ಮಾತಿಲ್ಲದಿದ್ದಾಗಲೂ ಅದೇ ಅಳತೆ ಇಟ್ಟುಕೊಂಡು ಮುಖ ಕಾಣದ ಫ್ರೇಮನ್ನು ಆರಿಸುವುದು ಲೇಸು. ಫುಟ್‌ಪಾತಿನಲ್ಲಿ ಮಲಗಿದವರು, ಕುಡಿದು ಬಿದ್ದವರು, ನದಿ ಮೆಟ್ಟಿಲಲ್ಲಿ ಸ್ನಾನ ಮಾಡುವ ಹೆಂಗಸರು: ಇಲ್ಲೆಲ್ಲ ಕಾಲು ಎಲ್ಲಿತ್ತು ಎಂಬ ಪ್ರಶ್ನೆಗೆ ಉತ್ತರ ಸಾಮಾನ್ಯವಾಗಿ 200 ಎಂಎಂ ಟೆಲಿ ಲೆನ್ಸಿನಷ್ಟು ದೂರದಲ್ಲಿ, ಮರೆಯಲ್ಲಿ. ಅಂಥ ಫೋಟೊಗೆ ಕಾಂಪೊಸಿಷನ್ ಅಂಕ ಕೊಡುವುದೇ ಅಸಭ್ಯ. ಹತ್ತಿರದಿಂದ ತೆಗೆದಾಗ ಯಾರಾದರೂ "ಯಾಕಣ್ಣ ತೆಗೆದೆ?" ಎಂದರೆ ತೋರಿಸಿ, "ಚೆನ್ನಾಗಿ ಬಂದಿದೀರಮ್ಮ, ಬೇಡ ಅಂದ್ರೆ ತೆಗೆದುಹಾಕ್ತೀನಿ" ಎನ್ನಿ. ಬೇಡ ಎಂದರೆ ಅವರೆದುರೇ ಡಿಲೀಟ್ ಮಾಡಿ. ಎರಡನೇ ಕಾರ್ಡಿನಲ್ಲೂ ಪ್ರತಿ ಉಳಿಯುವ ಕ್ಯಾಮೆರಾ ಆದರೆ ಅಲ್ಲಿಂದಲೂ.

ಕಡೆಗೆ ಫೈಲು. ಉದ್ದನೆಯ ಬದಿ 2048 ಪಿಕ್ಸೆಲ್, ಬಣ್ಣದ ಮಾದರಿ ಎಸ್‌ಆರ್‌ಜಿಬಿ, ಜೆಪೆಗ್ ಗುಣಮಟ್ಟ 80ರ ಆಸುಪಾಸು. ಇನ್ನೊಂದು ಬಣ್ಣದ ಮಾದರಿಯಾದ ಅಡೋಬಿ ಆರ್‌ಜಿಬಿಯಲ್ಲೇ ಬಿಟ್ಟರೆ ಎಷ್ಟೋ ಪರದೆಗಳಲ್ಲಿ ಚೆಂಡುಹೂವು ಸಪ್ಪೆಯಾಗಿ ಕಾಣುತ್ತದೆ, ನೋಡಿದವರು ನಿಮ್ಮ ಎಡಿಟಿಂಗನ್ನು ಬೈಯುತ್ತಾರೆ. ವಾಟ್ಸ್‌ಆ್ಯಪಿನಲ್ಲಿ ಫೋಟೊ ಎಂದು ಕಳಿಸಿದರೆ ಅದು ಹಿಂಡಿಹೋಗುತ್ತದೆ, ಶಾರ್ಪ್ ಬಗ್ಗೆ ಅಲ್ಲಿ ಚರ್ಚೆ ಮಾಡುವುದು ವ್ಯರ್ಥ. ಡಾಕ್ಯುಮೆಂಟ್ ಎಂದು ಕಳಿಸಿದರೆ ಮೂಲ ಫೈಲೇ ಹೋಗುತ್ತದೆ, ಅದರೊಳಗಿನ ಜಿಪಿಎಸ್ ಗುರುತೂ ಜೊತೆಗೇ ಹೋಗುತ್ತದೆ. ಮೊಬೈಲಿನಲ್ಲಿ ತೆಗೆದದ್ದಾದರೆ ಆ ಹೂವಮ್ಮ ಯಾವ ಗಲ್ಲಿಯ ಯಾವ ತಿರುವಿನಲ್ಲಿ ಕೂರುತ್ತಾರೆ ಎಂಬುದು ಅದರಲ್ಲಿರುತ್ತದೆ. ಎಕ್ಸ್‌ಪೋರ್ಟ್ ಮಾಡುವಾಗ ಲೊಕೇಶನ್ ತೆಗೆದು, ಶಟರ್ ಮತ್ತು ಅಪರ್ಚರ್ ವಿವರ ಮಾತ್ರ ಉಳಿಸಿ.