ಕ್ಲಚ್ ಹಿಡಿದರೆ ಹಿಡಿತ ಬಿಡುತ್ತದೆ

‘ಕ್ಲಚ್ ಹಿಡಿ, ಗೇರ್ ಹಾಕು, ಈಗ ನಿಧಾನಕ್ಕೆ ಕ್ಲಚ್ ಬಿಡು.’ ಬೈಕ್ ಕಲಿತವರೆಲ್ಲ ಈ ಮಾತು ಕೇಳಿರುತ್ತಾರೆ. ಕೈ ಮಾಡುವ ಕೆಲಸ ನೋಡಿದರೆ ಮಾತು ಸರಿಯಾಗಿಯೇ ಇದೆ. ಆದರೆ ಗಾಡಿಯ ಒಳಗೆ ನಡೆಯುವುದು ಉಲ್ಟಾ. ನಾವು ಲಿವರ್ ಹಿಡಿದಾಗ ಒಳಗಿನ ಹಿಡಿತ ಬಿಟ್ಟುಹೋಗುತ್ತದೆ. ನಾವು ಬಿಟ್ಟಾಗಲೇ ಅದು ಹಿಡಿಯುತ್ತದೆ. ಕ್ಲಚ್ ಬಗ್ಗೆ ಇದೊಂದು ಸಂಗತಿ ತಲೆಯಲ್ಲಿ ಕೂತರೆ ಉಳಿದದ್ದೆಲ್ಲ ತಾನಾಗಿ ಅರ್ಥವಾಗುತ್ತದೆ.

ಕ್ಲಚ್ ಎಂಬ ಇಂಗ್ಲಿಷ್ ಪದದ ಮೂಲ ಅರ್ಥವೇ ಹಿಡಿತ. ಹಳೆಯ ಇಂಗ್ಲಿಷಿನಲ್ಲಿ ಇದರ ಮೂಲರೂಪಕ್ಕೆ ‘ಬೆರಳು ಮಡಚು, ಮುಷ್ಟಿ ಬಿಗಿ ಮಾಡು’ ಎಂಬ ಅರ್ಥವಿತ್ತು. ನಾವು ‘ಕಪಿಮುಷ್ಟಿಗೆ ಸಿಕ್ಕಿದ’ ಅನ್ನುವ ಕಡೆ ಇಂಗ್ಲಿಷಿನವರು ಇಂದಿಗೂ ಇದೇ ಪದ ಬಳಸುತ್ತಾರೆ. ಯಂತ್ರದ ಭಾಗಕ್ಕೆ ಈ ಹೆಸರು ಬಂದದ್ದು 19ನೇ ಶತಮಾನದ ಆರಂಭದಲ್ಲಿ, ಅಂದರೆ ಕಾರು ಹುಟ್ಟುವುದಕ್ಕೂ ಬಹಳ ಮೊದಲು. ಆಗಿನ ಕಾರ್ಖಾನೆಗಳಲ್ಲಿ ಒಂದೇ ಉಗಿ ಎಂಜಿನ್ ಉದ್ದನೆಯ ದಂಡವೊಂದನ್ನು ತಿರುಗಿಸುತ್ತಿತ್ತು. ಹತ್ತಾರು ಯಂತ್ರಗಳು ಅದರಿಂದಲೇ ಓಡುತ್ತಿದ್ದವು. ಎಂಜಿನ್ ನಿಲ್ಲಿಸದೆ ಒಂದು ಯಂತ್ರವನ್ನು ಮಾತ್ರ ಸೇರಿಸಬೇಕು, ಬಿಡಿಸಬೇಕು ಅಂದರೆ ಕ್ಲಚ್ ಬೇಕಿತ್ತು. ಅಂದ ಹಾಗೆ, ಹಕ್ಕಿ ಒಂದು ಸಲಕ್ಕೆ ಇಡುವ ಮೊಟ್ಟೆಗಳಿಗೂ ಇಂಗ್ಲಿಷಿನಲ್ಲಿ ಕ್ಲಚ್ ಎನ್ನುತ್ತಾರೆ. ಅದಕ್ಕೂ ಇದಕ್ಕೂ ನಂಟಿಲ್ಲ. ಅದು ಮರಿ ಮಾಡುವುದಕ್ಕೆ ಸಂಬಂಧಿಸಿದ ಬೇರೆಯೇ ಪದದಿಂದ ಬಂದದ್ದು.

ಪೆಟ್ರೋಲ್ ಅಥವಾ ಡೀಸೆಲ್ ಎಂಜಿನ್ ನಿಂತಲ್ಲಿಂದ ಗಾಡಿ ಎಳೆಯಲಾರದು. ಅದು ಮೊದಲು ತಿರುಗುತ್ತಿರಬೇಕು. ಕಾರು ಸುಮ್ನೆ ನಿಂತಿದ್ದರೂ ಎಂಜಿನ್ ನಿಮಿಷಕ್ಕೆ ಸುಮಾರು 800 ಸುತ್ತು ಹೊಡೆಯುತ್ತಿರುತ್ತದೆ. ಚಕ್ರ ಮಾತ್ರ ನಿಂತೇ ಇರುತ್ತದೆ. ಎರಡನ್ನೂ ಒಮ್ಮೆಲೇ ಜೋಡಿಸಿದರೆ ಗಾಡಿ ಜಗ್ಗಿ, ಎಂಜಿನ್ ಆಫ್ ಆಗುತ್ತದೆ. ಅದಕ್ಕೇ ನಡುವೆ ಕ್ಲಚ್ ಪ್ಲೇಟ್ ಇದೆ. ಅದು ಎಂಜಿನ್ನಿನ ಫ್ಲೈವೀಲ್ (ಎಂಜಿನ್ ಜೊತೆಗೇ ತಿರುಗುವ ಭಾರದ ಚಕ್ರ) ಜೊತೆ ಸ್ವಲ್ಪ ಹೊತ್ತು ಉಜ್ಜುತ್ತಾ, ಜಾರುತ್ತಾ, ಕೊನೆಗೆ ಅದರಷ್ಟೇ ವೇಗದಲ್ಲಿ ತಿರುಗತೊಡಗುತ್ತದೆ. ಪ್ಲೇಟನ್ನು ಒತ್ತಿ ಹಿಡಿಯುವುದು ಬಲವಾದ ಸ್ಪ್ರಿಂಗ್. ಹೆಣ್ಣುಮಕ್ಕಳು ಕೂದಲಿಗೆ ಹಾಕುವ ಕ್ಲಚ್ಚರ್ ನೋಡಿದ್ದೀರಲ್ವಾ? ಒತ್ತಿದರೆ ಬಾಯಿ ಬಿಡುತ್ತದೆ, ಕೈ ಬಿಟ್ಟರೆ ಸ್ಪ್ರಿಂಗ್ ಕೂದಲನ್ನು ಕಚ್ಚುತ್ತದೆ. ಗಾಡಿಯದೂ ಅದೇ ಕ್ರಮ. ನಮ್ಮ ಕೈಕಾಲಿನ ಕೆಲಸ ಬಿಡಿಸುವುದಷ್ಟೇ.

ಘರ್ಷಣೆಯ ಬಲ ಉಜ್ಜುವ ಜಾಗದ ಅಗಲವನ್ನು ಹೆಚ್ಚುಕಮ್ಮಿ ಅವಲಂಬಿಸುವುದಿಲ್ಲ. ಎಷ್ಟು ಒತ್ತುತ್ತೇವೆ, ಯಾವ ವಸ್ತು, ಎಷ್ಟು ಮುಖಗಳು ಉಜ್ಜುತ್ತವೆ ಎನ್ನುವುದೇ ಮುಖ್ಯ. ಬೈಕಿನಲ್ಲಿ ಜಾಗ ಕಮ್ಮಿ. ಹಾಗಾಗಿ ಹಲವು ಸಣ್ಣ ಪ್ಲೇಟ್‌ಗಳನ್ನು ಒಂದರ ಮೇಲೊಂದು ಜೋಡಿಸುತ್ತಾರೆ. ಸ್ಪ್ರಿಂಗ್ ಅಷ್ಟೇ ಇದ್ದರೂ ಮುಖಗಳು ಜಾಸ್ತಿಯಾದಷ್ಟೂ ಹಿಡಿತ ಹೆಚ್ಚುತ್ತದೆ. ಬಹಳಷ್ಟು ಬೈಕುಗಳಲ್ಲಿ ಈ ಪ್ಲೇಟ್‌ಗಳು ಎಂಜಿನ್ ಆಯಿಲ್‌ನಲ್ಲೇ ಮುಳುಗಿರುತ್ತವೆ. ಕಾರಿನ ಆಯಿಲ್ ಬೈಕಿಗೆ ಹಾಕಬೇಡಿ ಎಂದು ಮೆಕ್ಯಾನಿಕ್ ಹೇಳುವುದು ಇದಕ್ಕೇ. ಕಾರಿನ ಕೆಲವು ಆಯಿಲ್‌ಗಳಲ್ಲಿ ಘರ್ಷಣೆ ತಗ್ಗಿಸುವ ರಾಸಾಯನಿಕಗಳಿರುತ್ತವೆ, ಪ್ಲೇಟ್ ಜಾರತೊಡಗುತ್ತದೆ.

ಗೇರ್ ಇಲ್ಲದ ಪೆಟ್ರೋಲ್ ಸ್ಕೂಟರ್, ಮೊಪೆಡ್‌ಗಳಲ್ಲಿ ಕ್ಲಚ್ ಲಿವರ್ ಇಲ್ಲದಿದ್ದರೂ ಕ್ಲಚ್ ಇದೆ. ಎಂಜಿನ್ ವೇಗ ಏರಿದಂತೆ ಒಳಗಿನ ತುಂಡುಗಳು ಹೊರಕ್ಕೆ ಸರಿದು, ಚಕ್ರದ ಕಡೆಗೆ ಜೋಡಿಸಿದ ಡ್ರಮ್ಮನ್ನು ಕಚ್ಚಿಕೊಳ್ಳುತ್ತವೆ. ವೇಗ ಇಳಿದರೆ ಸ್ಪ್ರಿಂಗ್ ಅವನ್ನು ಒಳಕ್ಕೆ ಎಳೆದುಕೊಳ್ಳುತ್ತದೆ.

ಜಾರುವಾಗ ಶಾಖ ಹುಟ್ಟಲೇಬೇಕು. ಎಷ್ಟು ಎನ್ನುವ ಲೆಕ್ಕ ನನಗೆ ಬಹಳ ಇಷ್ಟ. ಸಮತಟ್ಟಾದ ರಸ್ತೆಯಲ್ಲಿ, ಎಂಜಿನ್ ವೇಗ ಬದಲಿಸದೆ ಗಾಡಿ ಹೊರಡಿಸಿದಿರಿ ಎಂದುಕೊಳ್ಳಿ. ಕ್ಲಚ್ ಪೂರ್ತಿ ಹಿಡಿಯುವ ಹೊತ್ತಿಗೆ ಎಂಜಿನ್ ಕೊಟ್ಟ ಶಕ್ತಿಯಲ್ಲಿ ಅರ್ಧ ಗಾಡಿಗೆ ಹೋಗಿರುತ್ತದೆ, ಇನ್ನರ್ಧ ಪ್ಲೇಟಿನಲ್ಲಿ ಶಾಖವಾಗಿರುತ್ತದೆ. ಬೇಗ ಬಿಟ್ಟರೂ ಅಷ್ಟೇ, ನಿಧಾನಕ್ಕೆ ಬಿಟ್ಟರೂ ಅಷ್ಟೇ. ಎಂಜಿನ್ ವೇಗ ಎರಡು ಪಟ್ಟಾದರೆ ಮಾತ್ರ ಶಾಖ ನಾಲ್ಕು ಪಟ್ಟಾಗುತ್ತದೆ. ಜೋರಾಗಿ ಆಕ್ಸಿಲರೇಟರ್ ಕೊಟ್ಟು ಹೊರಡುವವರ ಕ್ಲಚ್ ಬೇಗ ಸವೆಯುವುದು ಹೀಗೆ.

ಆಗುಂಬೆಯಂಥ ಘಾಟಿಯಲ್ಲಿ ಗಾಡಿಗಳ ಸಾಲು ನಿಂತಾಗ ಇನ್ನೂ ಕಷ್ಟ. ಕೆಲವರು ಬ್ರೇಕ್ ಬದಲು ಹಾಫ್ ಕ್ಲಚ್‌ನಲ್ಲೇ, ಅಂದರೆ ಪೆಡಲ್ ಅರ್ಧ ಬಿಟ್ಟು, ಕಾರು ನಿಲ್ಲಿಸಿಕೊಳ್ಳುತ್ತಾರೆ. ಆಗ ಚಕ್ರ ತಿರುಗುವುದಿಲ್ಲ, ಕ್ಲಚ್‌ಗೆ ಬಂದ ಶಕ್ತಿಯೆಲ್ಲ ಪ್ಲೇಟ್ ಸುಡುವುದಕ್ಕೇ ಹೋಗುತ್ತದೆ. ಆ ಸುಟ್ಟ ವಾಸನೆ ಘಾಟಿ ಹತ್ತಿದವರಿಗೆಲ್ಲ ಗೊತ್ತು. ಅಂಥ ಕಡೆ ಹ್ಯಾಂಡ್‌ಬ್ರೇಕ್ ಹಾಕಿ ನಿಲ್ಲಿ. ಹೊರಡುವಾಗ ಕ್ಲಚ್ ಕಚ್ಚಿದ್ದು ಗೊತ್ತಾದ ಕೂಡಲೇ ಹ್ಯಾಂಡ್‌ಬ್ರೇಕ್ ಇಳಿಸಿ. ಓಡಿಸುವಾಗ ಎಡಗಾಲನ್ನು ಪೆಡಲ್ ಮೇಲೆ ಇಟ್ಟುಕೊಳ್ಳಲೂಬೇಡಿ. ಕಾಲಿನ ಆ ಸಣ್ಣ ಭಾರಕ್ಕೂ ಸ್ಪ್ರಿಂಗ್‌ನ ಒತ್ತಡ ತಗ್ಗಬಹುದು, ಪ್ಲೇಟ್ ಜಾರಬಹುದು.