ಬೋಟರ್ ಎಜುಕೇಶನ್ ಕಾರ್ಡ್ ಎಂದರೇನು?

ಸಂತೋಷಕ್ಕಾಗಿ ಎಂಜಿನ್ ದೋಣಿ ನಡೆಸುವವರು ನೀರಿನ ಮೇಲಿನ ನಿಯಮಗಳನ್ನು ಕಲಿತು ಪರೀಕ್ಷೆ ಪಾಸಾಗಿದ್ದಾರೆ ಎಂಬುದಕ್ಕೆ ಅಮೆರಿಕದ ರಾಜ್ಯಗಳಲ್ಲಿ ಸಿಗುವ ಗುರುತುಪತ್ರವಿದು. ಆಡುಮಾತಿನಲ್ಲಿ ಬೋಟ್ ಲೈಸೆನ್ಸ್ ಎನ್ನುತ್ತಾರಾದರೂ ಇದು ಕಲಿಕೆಗೆ ಸಾಕ್ಷಿ, ಅಷ್ಟೆ. ಫ್ಲಾರಿಡಾದಲ್ಲಿ 1988ರ ಜನವರಿ 1ರಂದು ಅಥವಾ ಆಮೇಲೆ ಹುಟ್ಟಿದವರು 10 ಅಶ್ವಶಕ್ತಿ ಅಥವಾ ಅದಕ್ಕೂ ಹೆಚ್ಚಿನ ಎಂಜಿನ್ ಇರುವ ದೋಣಿ ನಡೆಸಲು ಇದು ಬೇಕು. ಒಮ್ಮೆ ಪಡೆದರೆ ಜೀವನಪರ್ಯಂತ ಸಾಕು.

ಇದರ ತಿರುಳು ಇರುವುದು ಚುಕ್ಕಾಣಿ ಹಿಡಿಯುವ ಕೈಚಳಕದಲ್ಲಲ್ಲ, ಇನ್ನೊಂದು ದೋಣಿ ಎದುರಾದಾಗ ಏನು ಮಾಡಬೇಕು ಎಂಬ ತಿಳಿವಳಿಕೆಯಲ್ಲಿ. ಕಾರವಾರದ ಕಾಳಿ ಅಳಿವೆಯಲ್ಲಿ ಎರಡು ಎಂಜಿನ್ ದೋಣಿಗಳು ಮುಖಾಮುಖಿ ಬಂದವು ಎನ್ನಿ. ಹಡಗು-ದೋಣಿಗಳ ಡಿಕ್ಕಿ ತಡೆಯುವ 1972ರ ಅಂತರರಾಷ್ಟ್ರೀಯ ನಿಯಮಗಳ ಪ್ರಕಾರ ಎರಡೂ ತಂತಮ್ಮ ಬಲಕ್ಕೆ ಹೊರಳಬೇಕು. ನಮ್ಮ ರಸ್ತೆಯ ಅಭ್ಯಾಸದಂತೆ ಒಬ್ಬ ಎಡಕ್ಕೆ ತಿರುಗಿಸಿದನೋ, ಡಿಕ್ಕಿ ಖಚಿತ. ರಾತ್ರಿಯಾದರೆ ದೀಪಗಳೇ ದಾರಿ ಹೇಳಬೇಕು: ದೋಣಿಯ ಎಡಕ್ಕೆ ಕೆಂಪು, ಬಲಕ್ಕೆ ಹಸಿರು. ನಿಮ್ಮ ಬಲಗಡೆಯಿಂದ ಅಡ್ಡಹಾಯ್ದು ಬರುವ ದೋಣಿಯ ಕೆಂಪು ದೀಪ ಕಂಡರೆ ದಾರಿ ಬಿಡಬೇಕಾದವರು ನೀವು. ಎಂಜಿನ್ ತಟ್ಟನೆ ನಿಲ್ಲಿಸುವ ಕಿಲ್ ಸ್ವಿಚ್ಚಿನ ಹಗ್ಗವೂ ಪಾಠದಲ್ಲಿ ಬರುತ್ತದೆ. ಅದನ್ನು ಮಣಿಕಟ್ಟಿಗೋ ಲೈಫ್ ಜಾಕೆಟ್ಟಿಗೋ ಸಿಕ್ಕಿಸಿಕೊಂಡಿದ್ದರೆ ಚಾಲಕ ನೀರಿಗೆ ಬಿದ್ದೊಡನೆ ಎಂಜಿನ್ ನಿಲ್ಲುತ್ತದೆ. ವಾಟರ್ ಸ್ಕೂಟರ್ ಏರುವವರು ಇದನ್ನು ಮರೆಯಲೇಬಾರದು.

ನಮ್ಮಲ್ಲಿ ಒಳನಾಡಿನ ನೀರಿಗೆ 2021ರ ಒಳನಾಡು ಹಡಗುಗಳ ಕಾಯ್ದೆಯಿದೆ. 1917ರ ಹಳೆಯ ಕಾಯ್ದೆಯ ಜಾಗಕ್ಕೆ ಬಂದ ಇದು ಯಂತ್ರಚಾಲಿತ ದೋಣಿಗಳ ನೋಂದಣಿ, ತಪಾಸಣೆ ಮತ್ತು ನಡೆಸುವವರ ಅರ್ಹತಾ ಪ್ರಮಾಣಪತ್ರಗಳ ಬಗ್ಗೆ ಹೇಳುತ್ತದೆ. ದೋಣಿ ನಡೆಸುವುದನ್ನೇ ವೃತ್ತಿ ಮಾಡಿಕೊಂಡವರ ಅರ್ಹತೆಯೇ ಇಲ್ಲಿ ಮುಖ್ಯ. ಅಮೆರಿಕದ ಕಾರ್ಡಾದರೋ ರಜೆಯ ದಿನ ಸ್ವಂತ ದೋಣಿ ಇಳಿಸುವ ಸಾಮಾನ್ಯನನ್ನು ಕೂರಿಸಿ ಕಲಿಸುವುದಕ್ಕೆಂದೇ ಹುಟ್ಟಿದ್ದು.

2019ರ ಜನವರಿ 21ರಂದು ಕಾರವಾರದ ಬಳಿಯ ಕೂರ್ಮಗಡ ದ್ವೀಪದ ನರಸಿಂಹ ಜಾತ್ರೆಯಿಂದ ಮರಳುತ್ತಿದ್ದ ದೋಣಿ ಮಗುಚಿ 16 ಜನ ಪ್ರಾಣ ಕಳೆದುಕೊಂಡರು. ಎಷ್ಟು ಜನರನ್ನು ಹತ್ತಿಸಬೇಕು, ಎಲ್ಲರಿಗೂ ಲೈಫ್ ಜಾಕೆಟ್ ಇದೆಯೇ ಎಂಬುದು ಇಂಥ ತರಗತಿಗಳ ಮೊದಮೊದಲ ಪಾಠ. ನಮ್ಮ ತಾಂಡೇಲರಿಗೆ, ಅಂದರೆ ದೋಣಿಯ ಮುಖ್ಯ ನಾವಿಕರಿಗೆ, ಅಳಿವೆಯ ಮರಳದಿಬ್ಬ, ಉಬ್ಬರ ಇಳಿತ ಕರತಲಾಮಲಕ. ಶರಾವತಿಯಲ್ಲೋ ದೇವಬಾಗದಲ್ಲೋ ಹೊಸದಾಗಿ ಪ್ರವಾಸಿ ದೋಣಿ ಹಿಡಿದ ಹುಡುಗರಿಗೆ ಆ ಅನುಭವವೂ ಈ ನಿಯಮಗಳೂ ಒಟ್ಟಿಗೆ ಸಿಗಬೇಕು. ಕನ್ನಡ, ಕೊಂಕಣಿಗಳಲ್ಲಿ ಪಾಠ ನಡೆಯಲಿ. ಕಲಿಸುವವರಲ್ಲಿ ಒಬ್ಬರಾದರೂ ಹಿರಿಯ ತಾಂಡೇಲರಿರಲಿ.