ಶ್ವಾಸಕೋಶ ಕೆಡಬೇಕಿತ್ತು, ಹೊಟ್ಟೆ ಕಟ್ಟಿತು: ನಾಕೌಟ್ ಇಲಿಗಳ ಹಿನ್ನೆಲೆ

1992ರಲ್ಲಿ ಅಮೆರಿಕದ ನಾರ್ತ್ ಕೆರೊಲಿನಾದ ಒಂದು ಲ್ಯಾಬಿನಲ್ಲಿ ಕೆಲವು ಇಲಿಮರಿಗಳು ಹುಟ್ಟಿದವು. ಅವುಗಳ ಸಿಎಫ್‌ಟಿಆರ್ ಅನ್ನುವ ಜೀನನ್ನು ಬೇಕೆಂದೇ ಕೆಡಿಸಿಟ್ಟಿದ್ದರು. ಮನುಷ್ಯರಲ್ಲಿ ಇದೇ ಜೀನ್ ಕೆಟ್ಟರೆ ಸಿಸ್ಟಿಕ್ ಫೈಬ್ರೋಸಿಸ್ ಬರುತ್ತದೆ. ಶ್ವಾಸಕೋಶದಲ್ಲಿ ಅಂಟಂಟಾದ ಕಫ ತುಂಬಿ, ಅದರೊಳಗೆ ಬ್ಯಾಕ್ಟೀರಿಯಾ ಬಿಡಾರ ಹೂಡಿ, ವರ್ಷಗಟ್ಟಲೆ ಕೆಮ್ಮಿ ಕೆಮ್ಮಿ ಕೊನೆಗೆ ಉಸಿರೇ ಸಾಲದಂತಾಗುವ ಕಾಯಿಲೆ ಅದು. ಇಲಿಗಳಿಗೂ ಹಾಗೇ ಆಗುತ್ತದೆ ಅಂದುಕೊಂಡಿದ್ದರು. ಆಗಲಿಲ್ಲ. ಶ್ವಾಸಕೋಶ ಹೆಚ್ಚು ಕಡಿಮೆ ಚೆನ್ನಾಗಿಯೇ ಇತ್ತು. ಮರಿಗಳು ಸತ್ತಿದ್ದು ಹೊಟ್ಟೆ ಕಟ್ಟಿ. ಕರುಳಿನಲ್ಲಿ ತಡೆಯಾಗಿ, ಬಹುಪಾಲು 40 ದಿನ ಕೂಡ ದಾಟಲಿಲ್ಲ.

ಇದನ್ನು ಯಾಕೆ ಹೇಳುತ್ತಿದ್ದೇನೆ ಅಂದರೆ, ಪೇಪರಿನಲ್ಲಿ ವಾರಕ್ಕೊಂದು ಸಲ "ಬೊಜ್ಜಿನ ಜೀನ್ ಪತ್ತೆ", "ಮರೆವಿನ ಜೀನ್ ಪತ್ತೆ" ಅಂತ ಸುದ್ದಿ ಬರುತ್ತದೆ. ಕೊನೆಯ ಸಾಲಿನಲ್ಲಿ ಮೆಲ್ಲಗೆ "ಈ ಪ್ರಯೋಗ ಇಲಿಗಳ ಮೇಲೆ ನಡೆದಿದೆ" ಅಂತ ಇರುತ್ತದೆ. ಓದಿದ ಅರ್ಧ ಜನ ನಾಳೆಯೇ ಮಾತ್ರೆ ಬರುತ್ತದೆ ಅಂದುಕೊಳ್ಳುತ್ತಾರೆ. ಉಳಿದರ್ಧ ಜನ "ಇಲಿ ತಾನೆ, ಬಿಡಿ" ಅನ್ನುತ್ತಾರೆ. ಎರಡೂ ಸರಿಯಲ್ಲ. ಯಾಕೆ ಅಂತ ತಿಳಿಯಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ಮೊದಲು ಉಪಾಯ ಏನು ಅಂತ ನೋಡೋಣ. ಹಳೇ ಮನೆಯ ಫ್ಯೂಸ್ ಬೋರ್ಡ್ ನೆನಪಿಸಿಕೊಳ್ಳಿ. ಯಾವ ಫ್ಯೂಸ್ ಯಾವ ಕೋಣೆಯದ್ದು ಅಂತ ಯಾರೂ ಬರೆದಿಟ್ಟಿರುವುದಿಲ್ಲ. ಆಗ ಏನು ಮಾಡುತ್ತೀರಿ? ಒಂದು ಫ್ಯೂಸ್ ಕಿತ್ತು ಯಾವ ಲೈಟ್ ಆರಿತು ಅಂತ ನೋಡುತ್ತೀರಿ. ಒಂದು ಜೀನನ್ನು ಬೇಕೆಂದೇ ಕೆಡಿಸಿದ ಇಲಿಗೆ ನಾಕೌಟ್ ಇಲಿ ಅನ್ನುತ್ತಾರೆ, ಅದೂ ಅಷ್ಟೇ. ಮನುಷ್ಯರ ಜೀನ್ ಏನು ಮಾಡುತ್ತದೆ ಅಂತ ತಿಳಿಯಲು ಮನುಷ್ಯರಿಂದ ಅದನ್ನು ಕಿತ್ತು ನೋಡಲಾಗುವುದಿಲ್ಲ. ನಮ್ಮ ಬಹುತೇಕ ಜೀನ್‌ಗಳಿಗೆ ಇಲಿಯಲ್ಲಿ ಜೋಡಿ ಇದೆ. ಅಲ್ಲಿ ಕೀಳುತ್ತಾರೆ.

ಕೀಳುವುದು ಹೇಗೆ ಅನ್ನುವುದಕ್ಕೇ ದಶಕಗಳು ಹಿಡಿದವು. 1981ರಲ್ಲಿ ಕೇಂಬ್ರಿಡ್ಜಿನ ಮಾರ್ಟಿನ್ ಎವಾನ್ಸ್ ಮತ್ತು ಮ್ಯಾಥ್ಯೂ ಕಾಫ್‌ಮನ್, ಅದೇ ವರ್ಷ ಅಮೆರಿಕದ ಗೇಲ್ ಮಾರ್ಟಿನ್, ಇಲಿಯ ಭ್ರೂಣದಿಂದ, ದೇಹದ ಯಾವ ಬಗೆಯ ಜೀವಕೋಶವಾಗಿಯೂ ಬೆಳೆಯಬಲ್ಲ ಸ್ಟೆಮ್ ಸೆಲ್‌ಗಳನ್ನು ತೆಗೆದು ತಟ್ಟೆಯಲ್ಲಿ ಬೆಳೆಸಿದರು. 1985ರಲ್ಲಿ ಆಲಿವರ್ ಸ್ಮಿಥೀಸ್ ತಂಡ ಹೊರಗಿನ ಡಿಎನ್ಎ ತುಂಡನ್ನು ಮನುಷ್ಯರ ಜೀವಕೋಶದಲ್ಲಿ ಬೇಕಾದ ಜಾಗಕ್ಕೇ ಸೇರಿಸಬಹುದು ಅಂತ ತೋರಿಸಿತು. ಅಮೆರಿಕದ ಯೂಟಾದಲ್ಲಿ ಮಾರಿಯೋ ಕಪೆಕ್ಕಿ ಇದೇ ಹಾದಿಯಲ್ಲಿದ್ದರು. 1980ರಲ್ಲಿ ಅವರು ಈ ಕೆಲಸಕ್ಕೆ ಹಣ ಕೇಳಿದಾಗ ಪರಿಶೀಲನೆ ಮಾಡಿದವರು "ಇದು ಆಗುವ ಕೆಲಸವಲ್ಲ, ಕೈಬಿಡಿ" ಎಂಬ ಅರ್ಥದಲ್ಲಿ ಬರೆದಿದ್ದರು. ಅವರು ಬೇರೆ ಕೆಲಸಕ್ಕೆ ಸಿಕ್ಕ ಹಣವನ್ನು ಇದಕ್ಕೇ ಸುರಿದರು. ನಾಲ್ಕು ವರ್ಷದ ನಂತರ ಮತ್ತೆ ಅರ್ಜಿ ಹಾಕಿದಾಗ, ನಮ್ಮ ಮಾತು ಕೇಳದೇ ಇದ್ದದ್ದು ಒಳ್ಳೆಯದಾಯಿತು ಅಂತ ಉತ್ತರ ಬಂತು. (ಎಲ್ಲರ ಕಥೆಯೂ ಹೀಗೆ ಮುಗಿಯುವುದಿಲ್ಲ ಅನ್ನಿ.) 2007ರಲ್ಲಿ ಎವಾನ್ಸ್, ಸ್ಮಿಥೀಸ್, ಕಪೆಕ್ಕಿ ಮೂವರಿಗೂ ನೊಬೆಲ್ ಬಂತು.

ಆಗಿನ ವಿಧಾನ ಈಗ ಕೇಳಿದರೆ ತಾಳ್ಮೆಯ ಪರೀಕ್ಷೆ ಅನ್ನಿಸುತ್ತದೆ. ಕಂದು ತುಪ್ಪಳದ ತಳಿಯ ಸ್ಟೆಮ್ ಸೆಲ್ ತೆಗೆದುಕೊಳ್ಳಬೇಕು. ಜೀನಿನ ನಡುವೆ ಒಂದು ಔಷಧ ನಿರೋಧಕ ಜೀನ್ ತೂರಿಸಿದ ನಕಲು ಡಿಎನ್ಎಯನ್ನು ಕರೆಂಟ್ ಕೊಟ್ಟು ಅವುಗಳೊಳಗೆ ನುಗ್ಗಿಸಬೇಕು. ಲಕ್ಷಗಟ್ಟಲೆ ಜೀವಕೋಶಗಳಲ್ಲಿ ಎಲ್ಲೋ ಒಂದರಲ್ಲಿ ಅದು ಸರಿಯಾದ ಜಾಗಕ್ಕೆ ಕೂರುತ್ತದೆ. ವಿಷ ಹಾಕಿ ಉಳಿದವನ್ನು ಸಾಯಿಸಿ, ಬದುಕಿದ್ದನ್ನು ಹುಡುಕಿ, ಕರಿ ಇಲಿಯ ಎಳೆಯ ಭ್ರೂಣಕ್ಕೆ ಚುಚ್ಚಬೇಕು. ಹುಟ್ಟುವ ಮರಿ ಕಪ್ಪು ಕಂದು ಪಟ್ಟೆ ಪಟ್ಟೆಯಾಗಿರುತ್ತದೆ. ಅದನ್ನು ಮತ್ತೆ ಕರಿ ಇಲಿ ಜೊತೆ ಕೂಡಿಸಿದಾಗ ಕಂದು ಮರಿ ಬಂದರೆ ಪುಣ್ಯ, ಬರದಿದ್ದರೆ ಮೊದಲಿಂದ ಶುರು. ಬಂದರೂ ಅಂಥ ಮರಿಗಳಲ್ಲಿ ಸುಮಾರು ಅರ್ಧದಲ್ಲಿ ಮಾತ್ರ ಜೀನ್ ಕೆಟ್ಟಿರುತ್ತದೆ, ಅದೂ ಒಂದೇ ಪ್ರತಿ. ಅಂಥ ಎರಡನ್ನು ಕೂಡಿಸಿದರೆ ನಾಲ್ಕರಲ್ಲಿ ಒಂದು ಮರಿ ಪೂರ್ತಿ ನಾಕೌಟ್. ಒಂದು ಜೀನಿಗೆ ಒಂದೆರಡು ವರ್ಷ ಸುಮ್ನೆ ಹೋಗುತ್ತಿತ್ತು.

ಮೊದಲ ಎಚ್ಚರಿಕೆ ಆಗಲೇ ಸಿಕ್ಕಿತ್ತು, ಅದು ನನಗೆ ಈಗಲೂ ಸೋಜಿಗ. 1987ರಲ್ಲಿ ಮೊದಲು ಕೈಹಾಕಿದ್ದು ಎಚ್‌ಪಿಆರ್‌ಟಿ ಅನ್ನುವ ಜೀನಿಗೆ, ಕೆಟ್ಟಿದೆಯೋ ಇಲ್ಲವೋ ಅಂತ ಪರೀಕ್ಷಿಸುವುದು ಸುಲಭ ಅನ್ನುವ ಕಾರಣಕ್ಕೆ. ಮನುಷ್ಯರಲ್ಲಿ ಇದು ಇಲ್ಲದಿದ್ದರೆ ಲೆಷ್-ನೈಹನ್ ಅನ್ನುವ ಘೋರ ಕಾಯಿಲೆ, ಮಕ್ಕಳು ತಮ್ಮದೇ ತುಟಿ ಬೆರಳು ಕಚ್ಚಿಕೊಳ್ಳುತ್ತಾರೆ. ಆ ಜೀನ್ ಇಲ್ಲದ ಇಲಿಗಳು? ಆರಾಮಾಗಿ ಓಡಾಡಿಕೊಂಡಿದ್ದವು. ಫ್ಯೂಸ್ ಕಿತ್ತರೂ ಲೈಟ್ ಉರಿಯುತ್ತಲೇ ಇತ್ತು.

ಆದರೂ ಉತ್ಸಾಹಕ್ಕೇನೂ ಕಡಿಮೆಯಾಗಲಿಲ್ಲ. ಕಡಿಮೆಯಾಗದಿರಲು ಕಾರಣವೂ ಇತ್ತು, ಯಾಕೆಂದರೆ ಕೆಲವು ಇಲಿಗಳು ಅಚ್ಚುಕಟ್ಟಾಗಿ ಉತ್ತರ ಕೊಟ್ಟವು. 1992ರಲ್ಲಿ ಪಿ53 ಜೀನ್ ಕಿತ್ತ ಇಲಿಗಳು ಸರಿಯಾಗಿಯೇ ಹುಟ್ಟಿದವು, ಆದರೆ ಆರು ತಿಂಗಳೊಳಗೆ ಮುಕ್ಕಾಲು ಪಾಲಿಗೆ ಗೆಡ್ಡೆ ಎದ್ದಿತು. ಕ್ಯಾನ್ಸರ್ ತಡೆಯುವ ಜೀನ್ ಅನ್ನುವುದಕ್ಕೆ ಬೇರೆ ಸಾಕ್ಷಿ ಬೇಕಾ? ಪ್ರಿಯಾನ್ ಪ್ರೋಟೀನ್ ಇಲ್ಲದ ಇಲಿಗಳಿಗೆ, ಆ ಪ್ರೋಟೀನ್ ಕೆಟ್ಟು ಮಿದುಳನ್ನು ಹಾಳುಮಾಡುವ ಸ್ಕ್ರೇಪಿ ರೋಗ ಅಂಟಿಸಲು ನೋಡಿದರೂ ಅಂಟಲಿಲ್ಲ. ಅದು 1993. ಹೀಗೆ ಒಂದಾದ ಮೇಲೊಂದು ಬರುತ್ತಿರುವಾಗ, ಉತ್ತರ ಕೊಡದ ಇಲಿಗಳ ಬಗ್ಗೆ ಯಾರು ತಲೆ ಕೆಡಿಸಿಕೊಳ್ಳುತ್ತಾರೆ ಹೇಳಿ.

ಈಗ ಸಿಎಫ್‌ಟಿಆರ್‌ಗೆ ವಾಪಸ್ ಬರೋಣ, ನಿಜವಾದ ಪಾಠ ಇರುವುದು ಇಲ್ಲೇ. ಕಾಯಿಲೆಯನ್ನು 1938ರಲ್ಲಿ ಡೊರೊತಿ ಆ್ಯಂಡರ್ಸನ್ ಎಂಬ ವೈದ್ಯೆ ಸರಿಯಾಗಿ ಗುರುತಿಸಿದ್ದರು. ಈ ಮಕ್ಕಳ ಬೆವರು ವಿಪರೀತ ಉಪ್ಪು ಅನ್ನುವುದು 1950ರ ದಶಕದಲ್ಲಿ ತಿಳಿಯಿತು. ಜೀನ್ ಸಿಕ್ಕಿದ್ದು 1989ರಲ್ಲಿ, ಟೊರೊಂಟೊದ ಲಾಪ್-ಚೀ ಸುಯಿ, ಜಾನ್ ರಿಯೊರ್ಡಾನ್ ಮತ್ತು ಮಿಶಿಗನ್‌ನ ಫ್ರಾನ್ಸಿಸ್ ಕಾಲಿನ್ಸ್ ತಂಡಗಳಿಗೆ. ಜೀವಕೋಶದ ಗೋಡೆಯಲ್ಲಿ ಕ್ಲೋರೈಡ್ ಹೊರಗೆ ಹೋಗುವ ಬಾಗಿಲು ಅದು. ಬಾಗಿಲು ಮುಚ್ಚಿದರೆ ನೀರೂ ಬರುವುದಿಲ್ಲ, ಲೋಳೆ ಗಟ್ಟಿಯಾಗುತ್ತದೆ. ಜೀನ್ ಸಿಕ್ಕಿತು, ಇನ್ನೇನು ಇಲಿ ಮಾಡಿ ಔಷಧಿ ಹುಡುಕುವುದಷ್ಟೇ ಬಾಕಿ ಅನ್ನುವ ಮಾತು ಎಲ್ಲೆಡೆ ಇತ್ತು. ಮೂರೇ ವರ್ಷದಲ್ಲಿ ನಾರ್ತ್ ಕೆರೊಲಿನಾ, ಎಡಿನ್‌ಬರೊ, ಕೇಂಬ್ರಿಡ್ಜ್‌ಗಳಲ್ಲಿ ಬೇರೆ ಬೇರೆ ಇಲಿಗಳು ತಯಾರಾದವು.

ಎಡಿನ್‌ಬರೊ ಇಲಿಗಳದ್ದು ಇನ್ನೊಂದು ಕಥೆ. ಅವು ಬಹುಪಾಲು ಬದುಕಿಕೊಂಡವು. ಅಲ್ಲಿ ಜೀನ್ ಪೂರ್ತಿ ಕೆಟ್ಟಿರಲಿಲ್ಲ, ಸುಮಾರು 10 ಪರ್ಸೆಂಟ್‌ನಷ್ಟು ಸರಿಯಾದ ಸಂದೇಶ (ಪ್ರೋಟೀನ್ ಮಾಡಲು ಜೀನ್ ಕಳಿಸುವ ಸೂಚನೆ) ಸೋರಿ ಬರುತ್ತಿತ್ತು. ನೋಡಿದರೆ ಕೆಲಸ ಕೆಟ್ಟ ಹಾಗೆ. ಆದರೆ ಅದರಿಂದಲೇ ತಿಳಿದದ್ದು, ಕರುಳನ್ನು ಉಳಿಸಲು ಪೂರ್ತಿ ಜೀನ್ ಬೇಕಿಲ್ಲ, ಅಷ್ಟು ಚೂರು ಸಾಕು ಅಂತ. ಜೀನ್ ಥೆರಪಿ, ಅಂದರೆ ರೋಗಿಯ ಜೀವಕೋಶಕ್ಕೆ ಸರಿಯಾದ ಜೀನ್ ಸೇರಿಸುವ ಚಿಕಿತ್ಸೆ, ಮಾಡಹೊರಟವರಿಗೆ ಇದು ಎಷ್ಟು ಧೈರ್ಯ ಕೊಟ್ಟಿರಬೇಕು ಯೋಚಿಸಿ. ಕೆರೊಲಿನಾ ಇಲಿಗಳಿಗೆ ಮಾತ್ರ ಕುಡಿಯುವ ನೀರಿನಲ್ಲಿ ಭೇದಿ ಔಷಧಿ ಬೆರೆಸಿ ಬದುಕಿಸಬೇಕಾಯಿತು.

ಸರಿ, ಶ್ವಾಸಕೋಶ ಯಾಕೆ ಕೆಡಲಿಲ್ಲ? ಉತ್ತರ ಕಂತು ಕಂತಾಗಿ ಬಂತು. 1994ರ ಹೊತ್ತಿಗೆ ಗೊತ್ತಾಗಿದ್ದು, ಇಲಿಯ ಶ್ವಾಸನಾಳದಲ್ಲಿ ಕ್ಲೋರೈಡಿಗೆ ಇನ್ನೊಂದು ಬಾಗಿಲು ಜೋರಾಗಿ ಕೆಲಸ ಮಾಡುತ್ತದೆ, ಕರುಳಿನಲ್ಲಿ ಹಾಗಿಲ್ಲ. ಅಂದರೆ ಫ್ಯೂಸ್ ಕಿತ್ತಿದ್ದರು ನಿಜ, ಆದರೆ ಆ ಕೋಣೆಗೆ ಇನ್ವರ್ಟರ್ ಇತ್ತು. ನಮ್ಮಲ್ಲೂ ಆ ಎರಡನೇ ಬಾಗಿಲಿದೆ, ಅಷ್ಟು ಜೋರಿಲ್ಲ ಅಷ್ಟೇ. ಆಮೇಲೆ ಲೋಳೆ ಸುರಿಸುವ ಗ್ರಂಥಿಗಳ ವಿಚಾರ. ನಮ್ಮ ದೊಡ್ಡ ಶ್ವಾಸನಾಳಗಳ ತುಂಬಾ ಇವೆ, ಇಲಿಯಲ್ಲಿ ಗಂಟಲ ಕೆಳಗೆ ಒಂದಿಷ್ಟು ಬಿಟ್ಟರೆ ಇಲ್ಲ. 2016ರಲ್ಲಿ ಮತ್ತೊಂದು ಕಾರಣ ಸಿಕ್ಕಿತು. ಮನುಷ್ಯರ ಶ್ವಾಸನಾಳದಲ್ಲಿ ಎಟಿಪಿ12ಎ ಅನ್ನುವ ಪಂಪ್ ಆಮ್ಲ ಸುರಿಯುತ್ತದೆ, ಸಿಎಫ್‌ಟಿಆರ್ ಬೈಕಾರ್ಬೊನೇಟ್ ಬಿಟ್ಟು ಅದನ್ನು ಸರಿತೂಗಿಸುತ್ತದೆ. ಸಿಎಫ್‌ಟಿಆರ್ ಕೈಕೊಟ್ಟರೆ ಆಮ್ಲ ಜಾಸ್ತಿಯಾಗಿ ಬ್ಯಾಕ್ಟೀರಿಯಾ ಕೊಲ್ಲುವ ಶಕ್ತಿ ಕುಗ್ಗುತ್ತದೆ. ಇಲಿಯ ಶ್ವಾಸನಾಳದಲ್ಲಿ ಆ ಪಂಪ್ ಇಲ್ಲವೆನ್ನುವಷ್ಟು ಕಡಿಮೆ. ಕೆಡಿಸುವವನೇ ಇಲ್ಲದ ಮೇಲೆ ಕಾವಲುಗಾರ ಹೋದರೇನು?

ನನ್ನ ಮಟ್ಟಿಗೆ ಇದು ಇಲಿಯ ಸೋಲಲ್ಲ. ಇಲಿಗೆ ಯಾಕೆ ಕಾಯಿಲೆ ಬರಲಿಲ್ಲ ಅಂತ ಹುಡುಕಿದ್ದರಿಂದಲೇ ಮನುಷ್ಯರಿಗೆ ಯಾಕೆ ಬರುತ್ತದೆ ಅನ್ನುವುದರ ಒಂದು ದೊಡ್ಡ ತುಂಡು ಸಿಕ್ಕಿತು. ಬೇಸರ ಏನೆಂದರೆ ಅದಕ್ಕೆ 24 ವರ್ಷ ಹಿಡಿಯಿತು. ಆ ಅವಧಿಯಲ್ಲಿ "ಮಾದರಿ ಸರಿಯಿಲ್ಲ" ಅಂತ ಇಲಿಯನ್ನೇ ಬೈದದ್ದು ಜಾಸ್ತಿ.

ತಳಿಯ ಗೋಜಲು ಬೇರೆ. ಒಂದೇ ಜೀನ್ ಕಿತ್ತರೂ ಯಾವ ತಳಿಯ ಇಲಿ ಅನ್ನುವುದರ ಮೇಲೆ ಫಲಿತಾಂಶ ಬದಲಾಗುತ್ತದೆ. 1995ರಲ್ಲಿ ಇಜಿಎಫ್ಆರ್ ಅನ್ನುವ ಜೀನ್ ಕಿತ್ತಾಗ ಒಂದು ತಳಿಯಲ್ಲಿ ಭ್ರೂಣ ಗರ್ಭಕೋಶಕ್ಕೆ ಅಂಟುವ ಹೊತ್ತಿಗೇ ಸತ್ತಿತು, ಇನ್ನೊಂದರಲ್ಲಿ ಗರ್ಭದ ಮಧ್ಯದಲ್ಲಿ, ಮತ್ತೊಂದರಲ್ಲಿ ಹುಟ್ಟಿ ಮೂರು ವಾರದವರೆಗೂ ಬದುಕಿತು. ಇದಕ್ಕಿಂತ ಮುಜುಗರದ ಸಂಗತಿ ಕ್ಯಾಸ್ಪೇಸ್-1ರದ್ದು. ಈ ಜೀನ್ ಇಲ್ಲದ ಇಲಿಗಳು ಬ್ಯಾಕ್ಟೀರಿಯಾ ವಿಷಕ್ಕೆ ಜಗ್ಗುವುದಿಲ್ಲ ಅಂತ 1995ರಿಂದ ಎಲ್ಲರೂ ನಂಬಿದ್ದರು. 2011ರಲ್ಲಿ ನೋಡಿದರೆ, ಸ್ಟೆಮ್ ಸೆಲ್ ಕೊಟ್ಟ 129 ಅನ್ನುವ ಕಂದು ತಳಿಯಲ್ಲಿ ಪಕ್ಕದ ಕ್ಯಾಸ್ಪೇಸ್-11 ಹುಟ್ಟಿನಿಂದಲೇ ಕೆಟ್ಟಿತ್ತು. ಎರಡೂ ಅಕ್ಕಪಕ್ಕ ಇದ್ದುದರಿಂದ ಎಷ್ಟು ಸಲ ಕರಿ ಇಲಿ ಜೊತೆ ಕೂಡಿಸಿದರೂ ಜೊತೆಗೇ ಬರುತ್ತಿತ್ತು. ಇಲಿಯನ್ನು ಕಾಪಾಡುತ್ತಿದ್ದುದು ಮುಖ್ಯವಾಗಿ ಆ ಪಕ್ಕದ ಜೀನಿನ ಕೊರತೆ. 16 ವರ್ಷ ಒಂದರ ಕೆಲಸವನ್ನು ಇನ್ನೊಂದರ ಖಾತೆಗೆ ಬರೆದಿದ್ದರು. ಯಾರೂ ಮೋಸ ಮಾಡಿರಲಿಲ್ಲ. ಆಗ ನೋಡುವ ಸಾಧನ ಇರಲಿಲ್ಲ, ನೋಡಬೇಕು ಅಂತ ಅನ್ನಿಸಿಯೂ ಇರಲಿಲ್ಲ.

2008ರಲ್ಲಿ ಅಯೋವಾದ ಮೈಕಲ್ ವೆಲ್ಷ್ ಮತ್ತು ಸಂಗಡಿಗರು ಸಿಎಫ್‌ಟಿಆರ್ ಇಲ್ಲದ ಹಂದಿ ಮಾಡಿದರು. ಹಂದಿಗೆ ಆ ಥರದ ಸ್ಟೆಮ್ ಸೆಲ್ ಇರಲಿಲ್ಲವಾದ್ದರಿಂದ ಕ್ಲೋನಿಂಗ್ ಮಾಡಬೇಕಾಯಿತು. ಹುಟ್ಟಿದ ಹಂದಿಮರಿಗಳಿಗೆ ಆಪರೇಷನ್ ಮಾಡಿ ಕರುಳು ಸರಿಪಡಿಸಿದರೆ, ಕೆಲವೇ ತಿಂಗಳಲ್ಲಿ ಮನುಷ್ಯರಂತೆಯೇ ಶ್ವಾಸಕೋಶದ ಕಾಯಿಲೆ ಬಂತು. ಆದರೆ ಹಂದಿ ಸಾಕುವ ಖರ್ಚು ಯಾವ ಲ್ಯಾಬಿಗೆ ತಾನೆ ಹಗುರ?

ಔಷಧಿ ಮಾತ್ರ ಈ ಯಾವ ದಾರಿಯಲ್ಲೂ ಬರಲಿಲ್ಲ. 2012ರಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕ ಐವಕಾಫ್ಟರ್ ಸಿಕ್ಕಿದ್ದು ತಟ್ಟೆಯಲ್ಲಿ ಬೆಳೆದ ಜೀವಕೋಶಗಳ ಮೇಲೆ ಲಕ್ಷಗಟ್ಟಲೆ ರಾಸಾಯನಿಕಗಳನ್ನು ಜರಡಿ ಹಿಡಿದಾಗ. ಆಮೇಲೆ ರೋಗಿಗಳ ಶ್ವಾಸನಾಳದ ಜೀವಕೋಶಗಳಲ್ಲಿ ಪರೀಕ್ಷಿಸಿದರು. ಇಲಿಯ ಸಿಎಫ್‌ಟಿಆರ್ ಬಾಗಿಲು ಈ ಔಷಧಿಗೆ ಕ್ಯಾರೇ ಅನ್ನುವುದಿಲ್ಲ ಅಂತ ನಂತರ ತಿಳಿಯಿತು. ಮೊದಲು ಇಲಿಯಲ್ಲಿ ಕೆಲಸ ಮಾಡಲಿ, ಆಮೇಲೆ ನೋಡೋಣ ಅಂದಿದ್ದರೆ ಅದು ಅಲ್ಲೇ ಕಸದ ಬುಟ್ಟಿ ಸೇರುತ್ತಿತ್ತು, ಅಲ್ವಾ? 2019ರಲ್ಲಿ ಬಂದ ಮೂರು ಔಷಧಿಗಳ ಮಾತ್ರೆ ಸುಮಾರು 90 ಪರ್ಸೆಂಟ್ ರೋಗಿಗಳಿಗೆ ಹೊಂದುತ್ತದೆ. ಅಮೆರಿಕದಲ್ಲಿ ಅದರ ಬೆಲೆ ವರ್ಷಕ್ಕೆ ಮೂರು ಲಕ್ಷ ಡಾಲರ್ ದಾಟಿತ್ತು, ಆ ಮಾತು ಇನ್ನೊಂದು ದಿನಕ್ಕಿರಲಿ.

ಈಗ ಇಲಿ ಮಾಡುವುದು ಸುಲಭ. 2013ರಲ್ಲಿ ಡಿಎನ್ಎಯನ್ನು ಬೇಕಾದ ಜಾಗದಲ್ಲೇ ಕತ್ತರಿಸುವ ಕ್ರಿಸ್ಪರ್ ವಿಧಾನ ಬಂದ ಮೇಲೆ ಸ್ಟೆಮ್ ಸೆಲ್ಲಿನ ಸುತ್ತು ಬೇಕಿಲ್ಲ, ಫಲಿತ ಅಂಡಕ್ಕೇ ಚುಚ್ಚಿದರೆ ಕೆಲವೇ ತಿಂಗಳ ಕೆಲಸ. ಬೆಂಗಳೂರಿನ ಜೀವವಿಜ್ಞಾನ ಸಂಶೋಧನಾ ಸಂಸ್ಥೆ ಎನ್‌ಸಿಬಿಎಸ್ ಕ್ಯಾಂಪಸ್‌ನಲ್ಲೂ ಇಂಥ ಇಲಿ ತಯಾರಿಸುವ ವ್ಯವಸ್ಥೆ ಇದೆ. ಒಂದೊಂದೇ ಜೀನ್ ಕಿತ್ತು ಇಲಿಯ ಎಲ್ಲ ಜೀನ್‌ಗಳನ್ನೂ ನೋಡಿಬಿಡೋಣ ಅಂತ ಹಲವು ದೇಶಗಳ ಒಕ್ಕೂಟವೊಂದು ಹೊರಟಿದೆ. 2016ರಲ್ಲಿ ಅವರು ಕೊಟ್ಟ ಲೆಕ್ಕ: ನೋಡಿದ 1,751 ಜೀನ್‌ಗಳಲ್ಲಿ 410ರ ವಿಷಯದಲ್ಲಿ ಒಂದು ನಾಕೌಟ್ ಮರಿಯೂ ಉಳಿಯಲಿಲ್ಲ. ಇದು ನಿಜಕ್ಕೂ ಬೆಲೆಬಾಳುವ ಕೆಲಸ. ಆದರೆ ವೇಗ ಹೆಚ್ಚಿದಷ್ಟೂ ಇನ್ವರ್ಟರ್ ಎಲ್ಲಿದೆ ಅಂತ ಹುಡುಕುವ ತಾಳ್ಮೆ ಕಡಿಮೆಯಾಗುತ್ತಿದೆಯೇನೋ ಅಂತ ನನಗೆ ಅನ್ನಿಸುತ್ತದೆ.

ಇತ್ತ ಸಿಸ್ಟಿಕ್ ಫೈಬ್ರೋಸಿಸ್ ಇರುವವರು ಈಗ ಜಾಸ್ತಿ ವರ್ಷ ಬದುಕುತ್ತಿದ್ದಾರೆ. ವಯಸ್ಸಾದಂತೆ ಅವರಲ್ಲಿ ದೊಡ್ಡ ಕರುಳಿನ ಕ್ಯಾನ್ಸರ್ ಬೇರೆಯವರಿಗಿಂತ ಹೆಚ್ಚು ಅಂತ ಕಂಡುಬಂದಿದೆ. 2018ರಿಂದ ಅಮೆರಿಕದಲ್ಲಿ 40ನೇ ವಯಸ್ಸಿಗೇ ಕರುಳು ಪರೀಕ್ಷೆ ಶುರು ಮಾಡಿ ಅನ್ನುತ್ತಾರೆ. ಅದಕ್ಕೂ ಎರಡು ವರ್ಷ ಮುಂಚೆ, ಕರುಳಿನಲ್ಲಿ ಸಿಎಫ್‌ಟಿಆರ್ ಇಲ್ಲದ ಇಲಿಗಳಲ್ಲಿ ಗೆಡ್ಡೆ ಏಳುತ್ತದೆ ಅಂತ ಒಂದು ತಂಡ ತೋರಿಸಿತ್ತು. ಹೀಗೆ ಯಾಕೆ ಆಗುತ್ತದೆ ಅನ್ನುವ ಪ್ರಶ್ನೆಗೆ ಉತ್ತರ ಹುಡುಕಲು ಮತ್ತೆ ಬೇಕಾಗಿರುವುದು 1992ರಲ್ಲಿ ಹೊಟ್ಟೆ ಕಟ್ಟಿ ಸತ್ತಿದ್ದ, ಶ್ವಾಸಕೋಶಕ್ಕೆ ಪ್ರಯೋಜನವಿಲ್ಲ ಅಂತ ಪಕ್ಕಕ್ಕಿಟ್ಟಿದ್ದ ಅದೇ ಜಾತಿಯ ಇಲಿ.